ತೆಯೊಡೋರ್ ಬೊವೆರಿ: ಕಡಲಜೀವಿಯ ಅಂಡದಲ್ಲಿ ಕ್ಯಾನ್ಸರಿನ ಮೂಲವನ್ನು ಕಂಡವರು

ಮುಂಬಯಿಯ ಪರೇಲಿನಲ್ಲಿ 1941ರಿಂದ ನಡೆದುಬಂದಿರುವ ಟಾಟಾ ಸ್ಮಾರಕ ಆಸ್ಪತ್ರೆಯ ಹಾದಿಯನ್ನು ಅರಿಯದ ಕನ್ನಡ ಕುಟುಂಬಗಳು ಈ ನಗರದಲ್ಲಿ ವಿರಳವೆಂದೇ ಹೇಳಬೇಕು. ಊರಿನಿಂದ ಸುದ್ದಿ ಬರುತ್ತದೆ; ಬಂಧುವೊಬ್ಬರಿಗೆ ‘ಆ ರೋಗ’ವೆಂದು ವೈದ್ಯರಿಗೆ ಸಂಶಯ; ನಿಲ್ದಾಣಕ್ಕೆ ಹೋಗಿ ಕರೆತರಬೇಕು, ತಂಗಲು ಸ್ಥಳ ನೋಡಬೇಕು, ಆಸ್ಪತ್ರೆಯಲ್ಲಿ ಹೆಸರು ಬರೆಸಬೇಕು. ರೋಗದ ಹೆಸರನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಹಿರಿಯರು ಅದನ್ನು ಏಡಿಗಂತಿಯೆಂದರು, ಪಂಡಿತರು ಅರ್ಬುದವೆಂದರು. ಇಂದು ಎಲ್ಲರಿಗೂ ಕ್ಯಾನ್ಸರ್ ಎಂಬ ಶಬ್ದವೇ ಪರಿಚಿತ. ಕೆಲವು ಮನೆಗಳಲ್ಲಿ ರೋಗಿಯ ತಟ್ಟೆ ಲೋಟಗಳನ್ನು ಬೇರೆಯಾಗಿಡುವುದನ್ನೂ, ಇದು ಯಾವ ಜನ್ಮದ ಪಾಪವೋ ಎಂದು ರೋಗಿಯ ಎದುರಿಗೇ ನಿಟ್ಟುಸಿರುಬಿಡುವುದನ್ನೂ ನಾವು ಕಂಡಿದ್ದೇವೆ. ಔಷಧಕ್ಕಿಂತ ಮುಂಚೆ ಆ ಬಡಪಾಯಿಗೆ ದೊರೆಯುವುದು ಈ ಶಿಕ್ಷೆ.

ಈ ರೋಗವು ಹೊರಗಿನಿಂದ ಬಂದು ಮೈಯನ್ನು ಆಕ್ರಮಿಸುವ ಶತ್ರುವೆ, ಅಥವಾ ನಮ್ಮ ಶರೀರದ್ದೇ ಆದ ಒಂದು ಜೀವಕೋಶವು ಲೆಕ್ಕತಪ್ಪಿದುದರ ಫಲವೆ ಎಂಬ ಪ್ರಶ್ನೆಗೆ ನೂರು ವರ್ಷಗಳಿಗೂ ಹಿಂದೆ, 1914ರಲ್ಲಿ, ಜರ್ಮನಿಯ ವಿದ್ವಾಂಸರೊಬ್ಬರು ಸ್ಪಷ್ಟವಾದ ಉತ್ತರವನ್ನು ಬರೆದಿಟ್ಟರು. ಅವರು ವೈದ್ಯರಲ್ಲ, ಒಬ್ಬ ರೋಗಿಗೂ ಮದ್ದು ಕೊಟ್ಟವರಲ್ಲ. ಕುದುರೆಯ ಕರುಳಿನ ಜಂತುಹುಳು ಮತ್ತು ಕಡಲಿನ ಮುಳ್ಳುಮೈಯ ಒಂದು ಜೀವಿ, ಇವೆರಡರ ಅಂಡಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತ ಜೀವನ ಸವೆಸಿದ ಪ್ರಾಣಿಶಾಸ್ತ್ರಜ್ಞರು. ಅವರ ಉತ್ತರವನ್ನು ಅವರ ಕಾಲದ ರೋಗಶಾಸ್ತ್ರಜ್ಞರು ಮನ್ನಿಸಲಿಲ್ಲ. ಅವರು ತೀರಿಕೊಂಡು ದಶಕಗಳು ಕಳೆದ ಮೇಲೆ ಒಂದೊಂದಾಗಿ ಅವರ ಊಹೆಗಳು ನಿಜವಾಗತೊಡಗಿದವು. ಆ ಮಹನೀಯರಾದ ತೆಯೊಡೋರ್ ಬೊವೆರಿಯವರ ಚರಿತ್ರೆಯನ್ನು ವಾಚಕರ ಮುಂದಿಡುತ್ತಿದ್ದೇವೆ.

ಬೊವೆರಿಯವರು ಜನಿಸಿದುದು 1862ನೆಯ ಅಕ್ಟೋಬರ್ 12ರಂದು, ದಕ್ಷಿಣ ಜರ್ಮನಿಯ ಬವೇರಿಯ ಪ್ರಾಂತದ ಬಾಂಬೆರ್ಗ್ ಪಟ್ಟಣದಲ್ಲಿ. ತಂದೆ ವೈದ್ಯವಿದ್ಯೆ ಕಲಿತವರು. ನಾಲ್ವರು ಗಂಡುಮಕ್ಕಳಲ್ಲಿ ಇವರು ಎರಡನೆಯವರು. ತಮ್ಮ ವಾಲ್ಟರ್ ವಿದ್ಯುದ್ಯಂತ್ರಗಳ ಕಡೆಗೆ ತಿರುಗಿ, 1891ರಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ಪಾಲುದಾರರೊಡನೆ ಬ್ರೌನ್ ಬೊವೆರಿ ಎಂಬ ಕಂಪೆನಿಯನ್ನು ಕಟ್ಟಿದರು. ಬೆಂಗಳೂರಿನ ಪೀಣ್ಯದ ಕಡೆ ಓಡಾಡಿದವರು ‘ಎಬಿಬಿ’ ಎಂಬ ಮೂರಕ್ಷರದ ಫಲಕವನ್ನು ನೋಡಿರಬಹುದು. ಅದರ ಕೊನೆಯ ‘ಬಿ’ ಈ ಬೊವೆರಿಯೇ. ತಮ್ಮನ ಹೆಸರು ಹೀಗೆ ಲೋಕದ ಕಾರ್ಖಾನೆಗಳ ಮೇಲೆಲ್ಲ ಉಳಿಯಿತು. ಅಣ್ಣನ ಹೆಸರನ್ನು ಬಲ್ಲವರು ವಿಜ್ಞಾನದ ವಿದ್ಯಾರ್ಥಿಗಳಷ್ಟೆ.

ತೆಯೊಡೋರರಿಗೆ ಬಾಲ್ಯದಿಂದಲೂ ಸಂಗೀತ ಮತ್ತು ಚಿತ್ರಕಲೆಗಳಲ್ಲಿ ಪ್ರೀತಿ. ಪಿಯಾನೋ ಚೆನ್ನಾಗಿ ನುಡಿಸುತ್ತಿದ್ದರು. 1881ರಲ್ಲಿ ಮ್ಯೂನಿಕ್ ವಿಶ್ವವಿದ್ಯಾನಿಲಯವನ್ನು ಸೇರಿದಾಗ ಮೊದಲು ಆರಿಸಿಕೊಂಡುದು ಇತಿಹಾಸ ಮತ್ತು ತತ್ತ್ವಶಾಸ್ತ್ರ. ಅಲ್ಪಕಾಲದಲ್ಲಿಯೇ ಮನಸ್ಸು ಶರೀರರಚನಾಶಾಸ್ತ್ರಕ್ಕೆ ಒಲಿಯಿತು. 1885ರಲ್ಲಿ ಡಾಕ್ಟರ್ ಪದವಿ ಪಡೆದರು. ಅದೇ ವರ್ಷ ದೊರೆತ ವಿದ್ಯಾರ್ಥಿವೇತನವೊಂದು ಅವರ ಭಾಗ್ಯವನ್ನು ತೆರೆಯಿತು. ಅನ್ನದ ಚಿಂತೆಯಿಲ್ಲದೆ ಹಲವು ವರ್ಷ ಕಾಲ ತಮಗಿಷ್ಟವಾದ ಸಂಶೋಧನೆಯಲ್ಲಿ ತೊಡಗಲು ಅವಕಾಶವಾಯಿತು. ಅವರ ವಿಷಯ ಜೀವಕೋಶ. ಚಿತ್ರ ಬರೆಯುವ ಕೈ ಇಲ್ಲಿ ಉಪಯೋಗಕ್ಕೆ ಬಂದಿತು. ಛಾಯಾಚಿತ್ರಗಳು ಅಪರೂಪವಾಗಿದ್ದ ಆ ಕಾಲದಲ್ಲಿ ಕಣ್ಣಿಗೆ ಕಂಡುದನ್ನು ಕೈಯಿಂದಲೇ ಬರೆದು ತೋರಿಸಬೇಕಾಗಿತ್ತು. ಬೊವೆರಿಯವರ ಚಿತ್ರಗಳನ್ನು ಇಂದಿಗೂ ವಿದ್ವಾಂಸರು ಮೆಚ್ಚಿ ನೋಡುತ್ತಾರೆ.

ಇಲ್ಲಿ ಜೀವಕೋಶದ ವಿಭಜನೆಯನ್ನು ಕುರಿತು ನಾಲ್ಕು ಮಾತು ಹೇಳದಿದ್ದರೆ ಮುಂದಿನ ಕಥೆ ತಿಳಿಯದು. ನಮ್ಮ ದೇಹವು ಒಂದೇ ಒಂದು ಕೋಶದಿಂದ ಪ್ರಾರಂಭವಾದುದು. ಅದು ಎರಡಾಗಿ, ಎರಡು ನಾಲ್ಕಾಗಿ, ಹೀಗೆ ಬೆಳೆದು ಲಕ್ಷ ಲಕ್ಷ ಕೋಟಿಗಳಾಗುತ್ತವೆ. ಬೆಳವಣಿಗೆ ಮುಗಿದ ಮೇಲೂ ವಿಭಜನೆ ನಿಲ್ಲುವುದಿಲ್ಲ. ಚರ್ಮ ಸವೆಯುತ್ತದೆ, ಕರುಳಿನ ಒಳಪದರ ಕಳಚುತ್ತದೆ, ರಕ್ತದ ಕಣಗಳು ಹಳತಾಗುತ್ತವೆ. ಅವುಗಳ ಜಾಗಕ್ಕೆ ಹೊಸವು ಬರಬೇಕು. ಪ್ರತಿಯೊಂದು ಕೋಶದ ನಡುವೆ ಒಂದು ಕೇಂದ್ರವಿದೆ. ವಿಭಜನೆಯ ಸಮಯದಲ್ಲಿ ಆ ಕೇಂದ್ರದಿಂದ ದಾರದ ತುಂಡುಗಳಂಥ ವರ್ಣತಂತುಗಳು ಗೋಚರಿಸುತ್ತವೆ. ಕೋಶದ ಎರಡು ಕೊನೆಗಳಲ್ಲಿ ಎರಡು ಧ್ರುವಗಳು ಏರ್ಪಟ್ಟು, ಅವುಗಳ ನಡುವೆ ನೂಲುವ ಕದಿರಿನ ಆಕಾರದಲ್ಲಿ ಎಳೆಗಳು ಹರಡುತ್ತವೆ. ಮುಂಚೆಯೇ ಪ್ರತಿ ಮಾಡಿಕೊಂಡು ಇಮ್ಮಡಿಯಾದ ವರ್ಣತಂತುಗಳು ಎರಡು ಪಾಲಾಗಿ, ಒಂದು ಪಾಲು ಈ ಧ್ರುವಕ್ಕೂ ಇನ್ನೊಂದು ಆ ಧ್ರುವಕ್ಕೂ ಸಾಗುತ್ತವೆ. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವಾಗಲೂ ಇಷ್ಟು ಕರಾರುವಾಕ್ಕಾದ ಪಾಲು ಆಗುವುದನ್ನು ನಾವು ನೋಡಿಲ್ಲ.

ಬೊವೆರಿಯವರು ಮೊದಲು ಹಿಡಿದುದು ಕುದುರೆಯ ಜಂತುಹುಳುವಿನ ಅಂಡವನ್ನು. ಅದಕ್ಕೆ ಕಾರಣವುಂಟು. ಮನುಷ್ಯನ ಕೋಶದಲ್ಲಿ 46 ವರ್ಣತಂತುಗಳು. ಅವುಗಳ ನಿಜವಾದ ಸಂಖ್ಯೆ ತಿಳಿಯಲು 1956 ಬರಬೇಕಾಯಿತು. ಈ ಹುಳುವಿನ ಒಂದು ಪ್ರಭೇದದ ಅಂಡದಲ್ಲಾದರೋ ಕೇವಲ ನಾಲ್ಕು, ಇನ್ನೊಂದರಲ್ಲಿ ಎರಡೇ ಎರಡು, ಅವೂ ದಪ್ಪನಾದವು. ಎಣಿಸುವವರಿಗೆ ಇದಕ್ಕಿಂತ ಅನುಕೂಲವಾದ ಪ್ರಾಣಿ ಬೇರಿಲ್ಲ. ವಿಭಜನೆ ಮುಗಿದೊಡನೆ ವರ್ಣತಂತುಗಳು ಕಾಣದಂತಾಗುತ್ತಿದ್ದುದರಿಂದ, ಅವು ಕರಗಿಹೋಗಿ ಮತ್ತೆ ಹೊಸದಾಗಿ ಹುಟ್ಟುತ್ತವೆಂದು ಹಲವರು ತಿಳಿದಿದ್ದರು. ಬೊವೆರಿಯವರು ಅವು ಯಾವ ಸ್ಥಾನದಲ್ಲಿ ಮರೆಯಾದವೋ ಅದೇ ಸ್ಥಾನದಲ್ಲಿ ಮತ್ತೆ ಕಾಣಿಸಿಕೊಳ್ಳುವುದನ್ನು ತೋರಿಸಿ, ವರ್ಣತಂತುಗಳು ತಮ್ಮ ವ್ಯಕ್ತಿತ್ವವನ್ನು ಉಳಿಸಿಕೊಳ್ಳುವ ಸ್ಥಿರವಾದ ವಸ್ತುಗಳೆಂದು ಸಾಧಿಸಿದರು. ಕದಿರಿನ ಎರಡು ಧ್ರುವಗಳಲ್ಲಿರುವ ಸೂಕ್ಷ್ಮ ಬಿಂದುವಿಗೆ 1888ರಲ್ಲಿ ಸೆಂಟ್ರೊಸೋಮ್ ಎಂದು ನಾಮಕರಣ ಮಾಡಿದವರೂ ಅವರೇ. ಅಂಡಕ್ಕೆ ಅದನ್ನು ತಂದುಕೊಡುವುದು ವೀರ್ಯಾಣು ಎಂಬುದನ್ನೂ ಕಂಡುಕೊಂಡರು. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ದೊಡ್ಡ ಪ್ರಯೋಗವೆಲ್ಲ ಇದರ ಮೇಲೆಯೇ ನಿಂತಿದೆ.

1890ರ ಸುಮಾರಿಗೆ ಅವರ ಆರೋಗ್ಯ ಕುಸಿಯಿತು. ಜ್ವರದಿಂದ ಪ್ರಾರಂಭವಾದ ಬಳಲಿಕೆ ಮನಸ್ಸನ್ನೂ ಕವಿದು, ಕೆಲಕಾಲ ಕೆಲಸವನ್ನೇ ಬಿಟ್ಟು ಆರೋಗ್ಯಧಾಮವನ್ನು ಸೇರಬೇಕಾಯಿತು. ಅಲ್ಲಿಂದ ಮುಂದೆ ಅವರು ಎಂದೂ ಪೂರ್ಣ ಸ್ವಸ್ಥರಾಗಲಿಲ್ಲ. ಆದರೂ 1893ರಲ್ಲಿ ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕ ಪದವಿ ಅವರಿಗೆ ಲಭಿಸಿತು. ಕೊನೆಯ ತನಕ ಅವರು ಅಲ್ಲಿಯೇ ಉಳಿದರು. ಅದೇ ಊರಿನಲ್ಲಿ 1895ರ ನವೆಂಬರಿನಲ್ಲಿ ರಾಂಟ್‌ಜನ್ನರು ಕ್ಷಕಿರಣವನ್ನು ಕಂಡುಹಿಡಿದರು. ಇಬ್ಬರಿಗೂ ಗಾಢವಾದ ಸ್ನೇಹ. ಗೆಳೆಯ ಕಂಡುಹಿಡಿದ ಆ ಕಿರಣವೇ ಕೆಲವೇ ವರ್ಷಗಳಲ್ಲಿ ಅದರೊಡನೆ ಎಚ್ಚರಿಕೆಯಿಲ್ಲದೆ ಕೆಲಸ ಮಾಡಿದವರ ಕೈಗಳಲ್ಲಿ ಚರ್ಮದ ಕ್ಯಾನ್ಸರ್ ಹುಟ್ಟಿಸಿತೆಂಬುದು ಬೊವೆರಿಯವರ ವಿಚಾರಕ್ಕೆ ಮುಂದೆ ಒಂದು ಸಾಕ್ಷಿಯಾಯಿತು.

1896ರಲ್ಲಿ ಅಮೆರಿಕದಿಂದ ಮಾರ್ಸೆಲ್ಲಾ ಓಗ್ರೇಡಿ ಎಂಬ ವಿದುಷಿ ವ್ಯೂರ್ಟ್ಸ್‌ಬುರ್ಗಿಗೆ ಬಂದರು. ಬಾಸ್ಟನ್ನಿನಲ್ಲಿ ಹುಟ್ಟಿ, ಅಲ್ಲಿಯ ಪ್ರಸಿದ್ಧ ತಾಂತ್ರಿಕ ವಿದ್ಯಾಲಯದಿಂದ 1885ರಲ್ಲಿ ಪದವಿ ಪಡೆದು, ವಾಸರ್ ಎಂಬ ಮಹಿಳಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಬವೇರಿಯದ ವಿಶ್ವವಿದ್ಯಾನಿಲಯಗಳಲ್ಲಿ ಸ್ತ್ರೀಯರಿಗೆ ವಿದ್ಯಾರ್ಥಿಗಳಾಗಿ ಪ್ರವೇಶವಿಲ್ಲದ ಕಾಲ ಅದು. ವಿಶೇಷ ಅನುಮತಿ ಪಡೆದು ಬೊವೆರಿಯವರ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಕುಳಿತರು. ಮರುವರ್ಷ ಇಬ್ಬರಿಗೂ ವಿವಾಹವಾಯಿತು. 1900ರಲ್ಲಿ ಹುಟ್ಟಿದ ಏಕಮಾತ್ರ ಪುತ್ರಿ ಮಾರ್ಗ್ರೆಟ್ ಮುಂದೆ ಜರ್ಮನಿಯ ಹೆಸರಾಂತ ಪತ್ರಿಕೋದ್ಯೋಗಿಯಾದರು. ಪತಿಯ ಸಂಶೋಧನೆಯಲ್ಲಿ ಮಾರ್ಸೆಲ್ಲಾರ ಪಾಲು ದೊಡ್ಡದು. ಆ ಕಾಲದ ಎಷ್ಟೋ ಗ್ರಂಥಗಳಂತೆ ಬೊವೆರಿಯವರ ಗ್ರಂಥಗಳ ಮುಖಪುಟಗಳಲ್ಲಿಯೂ ಪತ್ನಿಯ ಹೆಸರು ಕಾಣುವುದಿಲ್ಲ.

ಇಟಲಿಯ ನೇಪಲ್ಸ್ ನಗರದ ಸಮುದ್ರತೀರದಲ್ಲಿ ಆಂಟನ್ ಡೋರ್ನ್ ಎಂಬವರು 1872ರಲ್ಲಿ ಸ್ಥಾಪಿಸಿದ ಪ್ರಾಣಿಶಾಸ್ತ್ರ ಕೇಂದ್ರವೊಂದಿದೆ. ಬೊವೆರಿ ದಂಪತಿಗಳ ಮಹತ್ತ್ವದ ಪ್ರಯೋಗಗಳು ನಡೆದುದು ಅಲ್ಲಿ. ಅಲ್ಲಿನ ಕಡಲಿನಲ್ಲಿ ಸೀ-ಅರ್ಚಿನ್ ಎಂಬ, ಮೈತುಂಬ ಮುಳ್ಳುಗಳುಳ್ಳ ಗುಂಡನೆಯ ಜೀವಿ ಯಥೇಚ್ಛವಾಗಿ ಸಿಗುತ್ತದೆ. ಅದರ ಅಂಡಗಳು ಪಾರದರ್ಶಕ. ಗಾಜಿನ ತಟ್ಟೆಯ ಸಮುದ್ರದ ನೀರಿನಲ್ಲಿ ವೀರ್ಯಾಣುಗಳನ್ನು ಬೆರೆಸಿದರೆ ಕಣ್ಣೆದುರಿಗೇ ಫಲಿತವಾಗಿ ವಿಭಜನೆಗೊಳ್ಳುತ್ತವೆ. ವೀರ್ಯಾಣುಗಳ ಪ್ರಮಾಣ ಹೆಚ್ಚಾದರೆ ಕೆಲವು ಅಂಡಗಳೊಳಕ್ಕೆ ಒಂದರ ಬದಲು ಎರಡು ಹೊಕ್ಕುಬಿಡುತ್ತವೆ. ಅಂಥ ಅಂಡಗಳು ಪ್ರಾಯಶಃ ಬದುಕುವುದಿಲ್ಲ. ಇತರರು ಕೆಟ್ಟುಹೋದ ಸರಕೆಂದು ಚೆಲ್ಲುತ್ತಿದ್ದ ಆ ಅಂಡಗಳನ್ನೇ ಬೊವೆರಿಯವರು ಹೆಕ್ಕಿ ತೆಗೆದು, ಅವೇಕೆ ಕೆಡುತ್ತವೆಂದು ಕೇಳಿದರು.

ಲೆಕ್ಕವನ್ನು ಸ್ವಲ್ಪ ಸಾವಧಾನವಾಗಿ ನೋಡೋಣ. ಈ ಜೀವಿಯ ಅಂಡದಲ್ಲಿ 18 ವರ್ಣತಂತುಗಳು, ವೀರ್ಯಾಣುವಿನಲ್ಲಿ 18, ಕೂಡಿದರೆ 36. ಎರಡು ವೀರ್ಯಾಣು ಹೊಕ್ಕರೆ 54 ಆಗುತ್ತವೆ. ವೀರ್ಯಾಣುವಿಗೊಂದರಂತೆ ಬಂದ ಸೆಂಟ್ರೊಸೋಮು ಇಬ್ಭಾಗವಾಗುವುದರಿಂದ ಧ್ರುವಗಳು ಎರಡರ ಬದಲು ನಾಲ್ಕಾಗುತ್ತವೆ. ಅಂಡವು ಒಂದೇ ಏಟಿಗೆ ನಾಲ್ಕಾಗಿ ಒಡೆಯುತ್ತದೆ. ಹಂಚಿಕೆ ಹೇಗೆ? ಒಂದೊಂದು ವರ್ಣತಂತುವೂ ಎರಡು ಪ್ರತಿಗಳಾಗಿ ನಾಲ್ಕು ಧ್ರುವಗಳಲ್ಲಿ ಯಾವುದಾದರೂ ಎರಡಕ್ಕೆ ಹೋಗುತ್ತದೆ. ಉಳಿದೆರಡಕ್ಕೆ ಅದು ಇಲ್ಲ. ನಾವು ಹಿಂದೆ ಹೋಟೇಲು ನಡೆಸಿದವರಾದುದರಿಂದ ನಮಗೆ ತೋಚುವ ಹೋಲಿಕೆ ಇದು: 18 ಬಗೆಯ ಪದಾರ್ಥಗಳ ಊಟ, ಬಗೆಗೆ ಮೂರು ಪಾತ್ರೆ, ಕಣ್ಣುಕಟ್ಟಿದ ಬಡಿಸುವವನು ಪ್ರತಿ ಪಾತ್ರೆಯಿಂದಲೂ ನಾಲ್ಕು ಎಲೆಗಳ ಪೈಕಿ ಎರಡಕ್ಕೆ ಮಾತ್ರ ಬಡಿಸುತ್ತಾನೆ. ಎಲೆಗಳೆಲ್ಲ ತುಂಬಿ ಕಾಣಬಹುದು. ಆದರೆ ಒಂದರಲ್ಲಿ ಸಾರು ಮೂರು ಸಲ ಬಿದ್ದಿದೆ, ಅನ್ನವೇ ಇಲ್ಲ. ಒಂದು ಎಲೆಗೆ ಒಂದು ಗೊತ್ತಾದ ಪದಾರ್ಥ ತಪ್ಪುವ ಸಂಭವ 8ರಲ್ಲಿ 1; ಬಗೆಗಳು 18 ಇರುವುದರಿಂದ ನಾಲ್ಕೂ ಎಲೆಗಳಿಗೆ ಪೂರ್ಣ ಊಟ ಬೀಳುವುದು ಅಸಾಧ್ಯವೆಂಬಷ್ಟು ದುರ್ಲಭ.

ಅಂಡಗಳನ್ನು ಫಲನದ ನಂತರ ಮೆಲ್ಲನೆ ಅಲುಗಾಡಿಸಿದರೆ ಒಂದು ಸೆಂಟ್ರೊಸೋಮು ಒಡೆಯದೆ ಉಳಿದು, ಧ್ರುವಗಳು ಮೂರೇ ಆಗುವುದನ್ನು ಬೊವೆರಿಯವರು ಕಂಡಿದ್ದರು. ಆಗ ತಪ್ಪುವ ಸಂಭವ 27ರಲ್ಲಿ 1ಕ್ಕೆ ಇಳಿಯುತ್ತದೆ. ವಾದ ಸರಿಯಾಗಿದ್ದರೆ ಮೂರಾಗಿ ಒಡೆದ ಅಂಡಗಳಲ್ಲಿ ಬದುಕಿ ಬೆಳೆಯುವವು ನಾಲ್ಕಾಗಿ ಒಡೆದವುಗಳಿಗಿಂತ ಬಹಳ ಹೆಚ್ಚು ಇರಬೇಕು. ನೂರಾರು ಅಂಡಗಳನ್ನು ಸಾಕಿ ನೋಡಿದರು, ಹಾಗೆಯೇ ಇತ್ತು. ಇನ್ನೂ ಮುಂದೆ ಹೋಗಿ, ಸುಣ್ಣದಂಶ ತೆಗೆದ ಸಮುದ್ರದ ನೀರಿನಲ್ಲಿಟ್ಟು ಆ ನಾಲ್ಕು ಕೋಶಗಳನ್ನು ಬಿಡಿಬಿಡಿಯಾಗಿ ಬೇರ್ಪಡಿಸಿದರು. ಸರಿಯಾಗಿ ಫಲಿತವಾದ ಅಂಡದ ನಾಲ್ಕು ಕೋಶಗಳನ್ನು ಬೇರ್ಪಡಿಸಿದರೆ ನಾಲ್ಕೂ ಒಂದೇ ರೀತಿ ಬೆಳೆಯುತ್ತವೆ. ಈ ಅಂಡಗಳ ಕೋಶಗಳಾದರೋ ಒಂದು ಬೇಗನೆ ಸತ್ತಿತು, ಇನ್ನೊಂದು ಸ್ವಲ್ಪ ದೂರ ಬೆಳೆದು ನಿಂತಿತು, ಮತ್ತೊಂದು ಬೇರೆಯೇ ರೀತಿ ವಿಕಾರವಾಯಿತು. ವರ್ಣತಂತುಗಳ ಸಂಖ್ಯೆಗಿಂತ ಅವುಗಳ ಬಗೆ ಮುಖ್ಯ, ಪ್ರತಿಯೊಂದಕ್ಕೂ ಬೇರೆ ಬೇರೆ ಕೆಲಸವಿದೆ, ಒಂದು ತಪ್ಪಿದರೂ ಕೋಶ ಸ್ವಸ್ಥವಾಗಿರದು ಎಂಬ ನಿರ್ಣಯವನ್ನು 1902ರಲ್ಲಿ ಪ್ರಕಟಿಸಿದರು. ಎರಡು ವರ್ಷಗಳ ಹಿಂದೆಯಷ್ಟೆ ಮೆಂಡೆಲರ ಆನುವಂಶಿಕ ನಿಯಮಗಳು ಮತ್ತೆ ಬೆಳಕಿಗೆ ಬಂದಿದ್ದವು. ಅಮೆರಿಕದಲ್ಲಿ ಸಟನ್ ಎಂಬ ತರುಣ ಮಿಡತೆಗಳ ವರ್ಣತಂತುಗಳಿಂದ ಇದೇ ದಿಕ್ಕಿನ ತೀರ್ಮಾನಕ್ಕೆ ಬಂದಿದ್ದರು. ಆನುವಂಶಿಕ ಗುಣಗಳು ವರ್ಣತಂತುಗಳಲ್ಲಿವೆ ಎಂಬ ಸಿದ್ಧಾಂತವು ಇಂದಿಗೂ ಇವರಿಬ್ಬರ ಹೆಸರಿನಿಂದ ಪ್ರಸಿದ್ಧವಾಗಿದೆ.

ಇಷ್ಟೇ ಮಾಡಿದ್ದರೂ ಬೊವೆರಿಯವರ ಕೀರ್ತಿಗೆ ಸಾಲುತ್ತಿತ್ತು. ಆದರೆ ಅಂಡಗಳಲ್ಲಿ ಅವರಿಗೆ ಬೇರೊಂದು ದೃಶ್ಯವೂ ಕಂಡಿತ್ತು. ಹಂಚಿಕೆ ತಪ್ಪಿದ ಕೋಶಗಳಲ್ಲಿ ಬಹುಪಾಲು ಸಾಯುತ್ತವೆ. ಕೆಲವು ಸಾಯದೆ, ಸುತ್ತಲಿನವುಗಳೊಡನೆ ಹೊಂದದೆ, ಆಕಾರಗೆಟ್ಟು ಬದುಕುತ್ತವೆ. ಬರ್ಲಿನ್ನಿನ ಹಾನ್ಸೆಮಾನ್ ಎಂಬ ರೋಗಶಾಸ್ತ್ರಜ್ಞರು 1890ರಷ್ಟು ಹಿಂದೆಯೇ ಕ್ಯಾನ್ಸರ್ ಗಡ್ಡೆಗಳ ಕೋಶಗಳಲ್ಲಿ ವರ್ಣತಂತುಗಳು ಅಸಮವಾಗಿ ಹಂಚಿಕೆಯಾಗುವುದನ್ನು ವರ್ಣಿಸಿದ್ದರು. ಎರಡನ್ನೂ ಜೋಡಿಸಿದ ಬೊವೆರಿಯವರಿಗೆ, ದುಷ್ಟ ಗಡ್ಡೆಯ ಮೂಲವು ಇಂಥದೇ ಒಂದು ಲೆಕ್ಕತಪ್ಪಿದ ಕೋಶವಿರಬಹುದೆಂದು ಹೊಳೆಯಿತು. 1902ರಲ್ಲಿಯೇ ಆ ಸೂಚನೆಯನ್ನು ಕೊಟ್ಟಿದ್ದರು. ಗಡ್ಡೆಗಳ ತಜ್ಞರು ಅದಕ್ಕೆ ಕಿವಿಗೊಡಲಿಲ್ಲ. ಪ್ರಾಣಿಶಾಸ್ತ್ರಜ್ಞನಿಗೆ ಈ ಕೆಲಸವೇಕೆಂಬ ಭಾವ. ಸಂಕೋಚ ಸ್ವಭಾವದ ಬೊವೆರಿಯವರು ಹತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಬದಿಗಿಟ್ಟರು.

ಈ ನಡುವೆ ಅವರ ಸ್ಥಾನಮಾನ ಏರುತ್ತಲೇ ಇತ್ತು. ಅಮೆರಿಕದ ವಿಲ್ಸನ್ ಎಂಬ ವಿದ್ವಾಂಸರು ಜೀವಕೋಶವನ್ನು ಕುರಿತ ತಮ್ಮ 1896ರ ಪ್ರಸಿದ್ಧ ಗ್ರಂಥವನ್ನು ಇವರಿಗೇ ಅರ್ಪಿಸಿದ್ದರು. ಬರ್ಲಿನ್ನಿನಲ್ಲಿ ಕೈಸರ್ ವಿಲ್ಹೆಲ್ಮ್ ಸಂಘವು ಕಟ್ಟಲಿದ್ದ ಜೀವಶಾಸ್ತ್ರ ಸಂಸ್ಥೆಗೆ ಪ್ರಥಮ ನಿರ್ದೇಶಕರಾಗಬೇಕೆಂದು ಆಹ್ವಾನ ಬಂತು. ಅಲ್ಲಿ ಯಾರು ಯಾರಿರಬೇಕೆಂಬುದನ್ನು ಅವರೇ ಆಲೋಚಿಸಿದರು. ಅವರು ಆರಿಸಿದವರಲ್ಲಿ ಶಿಷ್ಯ ಸ್ಪೆಮಾನ್ ಮತ್ತು ವಾರ್ಬುರ್ಗ್ ಇಬ್ಬರಿಗೂ ಮುಂದೆ ನೊಬೆಲ್ ಪಾರಿತೋಷಿಕ ಬಂದಿತೆಂದ ಮೇಲೆ ಅವರ ಪರೀಕ್ಷಕ ದೃಷ್ಟಿಯನ್ನು ಬೇರೆ ಹೊಗಳಬೇಕಾಗಿಲ್ಲ. ಕೊನೆಗೆ 1913ರಲ್ಲಿ, ದೇಹಸ್ಥಿತಿ ಒಪ್ಪದೆಂದು, ತಾವು ಮಾತ್ರ ಆ ಹುದ್ದೆಯನ್ನು ನಿರಾಕರಿಸಿದರು. ತಮ್ಮ ಕಾಲ ಹೆಚ್ಚಿಲ್ಲವೆಂಬ ಅರಿವು ಅವರಿಗೆ ಇದ್ದಿರಬೇಕೆಂದು ನಾವು ಭಾವಿಸುತ್ತೇವೆ. ಏಕೆಂದರೆ ಬದಿಗಿಟ್ಟಿದ್ದ ಆ ವಿಚಾರವನ್ನು ಎತ್ತಿಕೊಂಡು ಅವರು ಬರೆದು ಮುಗಿಸಿದುದು ಇದೇ ಸಮಯದಲ್ಲಿ. ದುಷ್ಟ ಗಡ್ಡೆಗಳ ಉತ್ಪತ್ತಿಯನ್ನು ಕುರಿತ ಆ ಪುಸ್ತಕ 1914ರಲ್ಲಿ ಯೇನಾ ನಗರದಿಂದ ಹೊರಬಂತು. 60ಕ್ಕೆ ಸ್ವಲ್ಪ ಮೇಲ್ಪಟ್ಟ ಪುಟಗಳ ಕಿರುಹೊತ್ತಗೆ. ತಾವು ಈ ಕ್ಷೇತ್ರದವರಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡು, ನಂತರ ನಿರ್ಭಯವಾಗಿ ವಾದವನ್ನು ಬೆಳೆಸಿದ್ದಾರೆ.

ಅದರ ಸಾರಾಂಶವನ್ನು ನಮಗೆ ತಿಳಿದಮಟ್ಟಿಗೆ ಕೊಡುತ್ತೇವೆ. ಗಡ್ಡೆಯಲ್ಲಿ ಕೋಟಿ ಕೋಶಗಳಿದ್ದರೂ ಅವೆಲ್ಲ ಒಂದೇ ಕೋಶದ ಸಂತತಿ. ಆ ಮೂಲಕೋಶ ಶರೀರದ್ದೇ. ಅದರ ವರ್ಣತಂತುಗಳಲ್ಲಿ ಏನೋ ಕೊರತೆ ಅಥವಾ ಹೆಚ್ಚಳ ಉಂಟಾಗಿ, ಆ ದೋಷ ಮಕ್ಕಳು ಮೊಮ್ಮಕ್ಕಳಿಗೆ ಇಳಿದಿದೆ. ಸ್ವಸ್ಥ ಕೋಶವು ತನಗೆ ತೋಚಿದಾಗ ವಿಭಜಿಸುವುದಿಲ್ಲ. ಅದರಲ್ಲಿ ಒಂದು ತಡೆಯ ಏರ್ಪಾಡಿದೆ; ಹೊರಗಿನಿಂದ ತಕ್ಕ ಪ್ರೇರಣೆ ಬಂದಾಗ ಮಾತ್ರ ಆ ತಡೆ ಸರಿಯುತ್ತದೆ. ಹೋಟೇಲಿನಲ್ಲಿ ಗಿರಾಕಿಯ ಬೇಡಿಕೆ ಬಾರದೆ ಕಾವಲಿಯ ಮೇಲೆ ಯಾರೂ ದೋಸೆ ಹುಯ್ಯುವುದಿಲ್ಲವಷ್ಟೆ, ಹಾಗೆ. ವರ್ಣತಂತುಗಳಲ್ಲಿ ಕೆಲವು ವಿಭಜನೆಯನ್ನು ತಡೆಯುವಂಥವು, ಕೆಲವು ಅದನ್ನು ಪ್ರೋತ್ಸಾಹಿಸುವಂಥವು ಇರಬಹುದು. ತಡೆಯುವವು ಕಳೆದುಹೋದರೆ, ಇಲ್ಲವೆ ಪ್ರೋತ್ಸಾಹಿಸುವವು ಮಿತಿಮೀರಿದರೆ, ಕೋಶವು ಯಾರ ಮಾತನ್ನೂ ಕೇಳದೆ ವಿಭಜಿಸುತ್ತ ಹೋಗುತ್ತದೆ. ಕ್ಷಕಿರಣ, ರಾಸಾಯನಿಕ ವಸ್ತುಗಳು, ಬಹುಕಾಲದ ಉರಿಯೂತ ಮೊದಲಾದ ಬೇರೆ ಬೇರೆ ಕಾರಣಗಳೂ ಕೊನೆಗೆ ಇದೇ ಬಾಗಿಲಿನಿಂದ ಒಳಗೆ ಬರುತ್ತವೆ. ಪರೋಪಜೀವಿಗಳಿಂದ ಕ್ಯಾನ್ಸರ್ ಎಂದು ವಾದಿಸುತ್ತಿದ್ದವರಿಗೂ, ಅವು ಕಾರಣವಾದರೂ ಕೋಶದ ವರ್ಣತಂತುಗಳನ್ನು ಕೆಡಿಸಿಯೇ ಕಾರಣವಾಗಬೇಕೆಂಬುದು ಅವರ ಸಮಾಧಾನ. ಕೆಲವು ಮನೆತನಗಳಲ್ಲಿ ರೋಗ ಹೆಚ್ಚಾಗಿ ಕಾಣುವುದೇಕೆಂದರೆ, ದುರ್ಬಲವಾದ ವರ್ಣತಂತು ತಂದೆತಾಯಿಗಳಿಂದ ಬಂದಿರಬಹುದು ಎಂದೂ ಊಹಿಸಿದರು.

ಆ ಕಾಲದಲ್ಲಿ ಮನುಷ್ಯನ ವರ್ಣತಂತುಗಳು ಎಷ್ಟೆಂಬುದೇ ಗೊತ್ತಿರಲಿಲ್ಲವೆಂಬುದನ್ನು ಇಲ್ಲಿ ಮರೆಯಬಾರದು. ಗಡ್ಡೆಯಲ್ಲಿ ಈ ವಾದವನ್ನು ಪರೀಕ್ಷಿಸುವ ಸಾಧನ ಬೊವೆರಿಯವರ ಬಳಿಯೂ ಇರಲಿಲ್ಲ, ಅವರ ವಿರೋಧಿಗಳ ಬಳಿಯೂ ಇರಲಿಲ್ಲ. ಪುಸ್ತಕ ಬಂದ ವರ್ಷವೇ ಮಹಾಯುದ್ಧ ಸಿಡಿಯಿತು. ಅವರ ಆರೋಗ್ಯ ಇನ್ನಷ್ಟು ಕೆಟ್ಟಿತು. ಇಂಥ ಸ್ಥಿತಿಯಲ್ಲಿಯೂ ಅವರು ತಮ್ಮ ತಾರುಣ್ಯದ ಒಂದು ಪ್ರಯೋಗವನ್ನು ಮತ್ತೆ ಕೈಗೆತ್ತಿಕೊಂಡಿದ್ದರು. 1889ರಲ್ಲಿ, ಕೇಂದ್ರವಿಲ್ಲದ ಅಂಡದ ತುಣುಕಿಗೆ ಬೇರೆ ಜಾತಿಯ ವೀರ್ಯಾಣುವನ್ನು ಸೇರಿಸಿ, ತಾಯಿಯ ಗುಣವಿಲ್ಲದ ಮರಿಗಳನ್ನು ಪಡೆದೆನೆಂದು ಪ್ರಕಟಿಸಿ ಅವರು ಕೀರ್ತಿಗಳಿಸಿದ್ದರು. ಅದರಲ್ಲಿ ದೋಷ ಹೇಗೆ ನುಸುಳಿತ್ತೆಂಬುದನ್ನು ತಾವೇ ಹುಡುಕಿ ಬರೆದ ಲೇಖನ ಅವರ ಮರಣಾನಂತರ ಅಚ್ಚಾಯಿತು. ಕ್ಯಾನ್ಸರಿನ ಪುಸ್ತಕಕ್ಕಿಂತಲೂ ನಮಗೆ ಈ ಕೆಲಸವೇ ಅವರ ಮನುಷ್ಯಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆಂದು ಅನ್ನಿಸುತ್ತದೆ.

1915ನೆಯ ಅಕ್ಟೋಬರ್ 15ರಂದು, 53ನೆಯ ಹುಟ್ಟುಹಬ್ಬ ಕಳೆದ ಮೂರನೆಯ ದಿನ, ಬೊವೆರಿಯವರು ವ್ಯೂರ್ಟ್ಸ್‌ಬುರ್ಗಿನಲ್ಲಿ ಕಾಲವಾದರು.

ಮಾರ್ಸೆಲ್ಲಾ ಮುಂದೆ ಅಮೆರಿಕಕ್ಕೆ ಮರಳಿ, ನ್ಯೂ ಹೇವನ್ನಿನ ಆಲ್ಬರ್ಟಸ್ ಮ್ಯಾಗ್ನಸ್ ಎಂಬ ಮಹಿಳಾ ಕಾಲೇಜಿನಲ್ಲಿ ಜೀವಶಾಸ್ತ್ರದ ವಿಭಾಗವನ್ನು ಕಟ್ಟಿದರು. ಪತಿಯ ಪುಸ್ತಕವನ್ನು ಇಂಗ್ಲಿಷಿಗೆ ಭಾಷಾಂತರಿಸಿ 1929ರಲ್ಲಿ ಪ್ರಕಟಿಸಿದರು. ಈಗ ಮುಖಪುಟದಲ್ಲಿ ಅವರ ಹೆಸರೂ ಇತ್ತು. ಲೋಕದ ಗಮನ ಬೇರೆ ಕಡೆ ಹರಿದಿತ್ತು. ಹುಳುವಿನಿಂದ ಇಲಿಗಳಿಗೆ ಹೊಟ್ಟೆಯ ಕ್ಯಾನ್ಸರ್ ಬರುತ್ತದೆಂದು ತೋರಿಸಿದರೆಂದು ಡೆನ್ಮಾರ್ಕಿನ ಫಿಬಿಗರ್ ಎಂಬವರಿಗೆ 1926ರ ನೊಬೆಲ್ ಪಾರಿತೋಷಿಕ ಸಂದಿತ್ತು. ಆ ಶೋಧನೆ ಸರಿಯಲ್ಲವೆಂಬುದು ನಂತರ ಸಿದ್ಧವಾಯಿತು. ಬೊವೆರಿಯವರಿಗಂತೂ ಆ ಪಾರಿತೋಷಿಕ ಎಂದೂ ಬರಲಿಲ್ಲ. ಮಾರ್ಸೆಲ್ಲಾ 1950ರಲ್ಲಿ ತೀರಿಕೊಂಡರು.

ಹತ್ತು ವರ್ಷ ಕಳೆದು, 1960ರಲ್ಲಿ, ಅಮೆರಿಕದ ಫಿಲಡೆಲ್ಫಿಯದಲ್ಲಿ ನೋವೆಲ್ ಮತ್ತು ಹಂಗರ್‌ಫರ್ಡ್ ಎಂಬಿಬ್ಬರು ಒಂದು ಬಗೆಯ ರಕ್ತದ ಕ್ಯಾನ್ಸರಿನ ರೋಗಿಗಳಲ್ಲಿ ಅಸಹಜವಾಗಿ ಗಿಡ್ಡನಾದ ಒಂದು ವರ್ಣತಂತುವನ್ನು ಕಂಡರು. ಅದರ ತುಂಡೊಂದು ಕಳಚಿ 9ನೆಯ ವರ್ಣತಂತುವಿಗೂ, 9ನೆಯದರ ತುಂಡು 22ನೆಯದಕ್ಕೂ ಅಂಟಿಕೊಂಡಿದೆಯೆಂದು 1973ರಲ್ಲಿ ಜಾನೆಟ್ ರೌಲಿ ಎಂಬ ಮಹಿಳೆ ತೋರಿಸಿದರು. ಹಾಗೆ ತಪ್ಪಾಗಿ ಕೂಡಿಕೊಂಡಲ್ಲಿ ಹುಟ್ಟುವ ಒಂದು ವಸ್ತು ಕೋಶಕ್ಕೆ ಸದಾಕಾಲ ವಿಭಜಿಸು ಎಂದು ಅಪ್ಪಣೆ ಕೊಡುತ್ತಿರುತ್ತದೆ. ಆ ವಸ್ತುವಿನ ಬಾಯಿ ಕಟ್ಟುವ ಇಮಾಟಿನಿಬ್ ಎಂಬ ಗುಳಿಗೆಗೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಹಿಂದೆ ಕೆಲವೇ ವರ್ಷಗಳಲ್ಲಿ ಸಾಯುತ್ತಿದ್ದ ಆ ರೋಗಿಗಳಲ್ಲಿ ಬಹುಮಂದಿ ಇಂದು ದಿನವೂ ಗುಳಿಗೆ ನುಂಗಿ ಕೆಲಸಕ್ಕೆ ಹೋಗುತ್ತಾರೆ. ನಮ್ಮ ಬಂಧುಬಳಗದಲ್ಲಿಯೂ ಅಂಥವರಿದ್ದಾರೆ.

ತಡೆಯುವ ವರ್ಣತಂತುಗಳ ಊಹೆಯೂ ನಿಂತಿತು. ಮಕ್ಕಳ ಕಣ್ಣಿನ ಒಂದು ಗಡ್ಡೆಯನ್ನು ಅಭ್ಯಸಿಸಿದ ನಡ್ಸನ್ ಎಂಬ ವೈದ್ಯರು, ತಡೆಯುವ ಜೀನಿನ ಎರಡು ಪ್ರತಿಗಳೂ ಕೆಟ್ಟಾಗ ರೋಗ ಬರುತ್ತದೆಂದೂ, ಒಂದು ಕೆಟ್ಟ ಪ್ರತಿಯನ್ನು ಹುಟ್ಟಿನಿಂದಲೇ ಪಡೆದ ಮಕ್ಕಳಿಗೆ ಬೇಗ ಬರುತ್ತದೆಂದೂ 1971ರಲ್ಲಿ ಲೆಕ್ಕಹಾಕಿ ತೋರಿಸಿದರು. ಆ ಜೀನು 1986ರಲ್ಲಿ ಕೈಗೆ ಸಿಕ್ಕಿತು. ಇನ್ನು ಕೋಶದ ಕಾವಲಿನ ಏರ್ಪಾಡು. ಪ್ರತಿ ಮಾಡುವಾಗ ಹಾನಿಯಾಗಿದ್ದರೆ ಕೋಶವು ವಿಭಜನೆಯನ್ನು ನಿಲ್ಲಿಸಿ ದುರಸ್ತಿ ಮಾಡಿಕೊಳ್ಳುತ್ತದೆ. ದುರಸ್ತಿಯಾಗದಷ್ಟು ಕೆಟ್ಟ ಕೋಶವು ಅನೇಕ ವೇಳೆ ತಾನೇ ಸಾಯುತ್ತದೆ. ಎಲ್ಲ ವರ್ಣತಂತುಗಳೂ ಕದಿರಿನ ಎಳೆಗಳಿಗೆ ಸರಿಯಾಗಿ ಸಿಕ್ಕಿಕೊಳ್ಳುವ ತನಕ ಪಾಲು ಪ್ರಾರಂಭವಾಗುವುದಿಲ್ಲ. ಈ ಕ್ರಮವನ್ನು ಬಿಡಿಸಿದುದಕ್ಕಾಗಿ ಹಾರ್ಟ್‌ವೆಲ್, ನರ್ಸ್, ಹಂಟ್ ಎಂಬ ಮೂವರಿಗೆ 2001ರಲ್ಲಿ ನೊಬೆಲ್ ಪಾರಿತೋಷಿಕ ಬಂತು. ವಿಭಜನೆಯ ಗಡಿಯಾರದಂತಿರುವ ವಸ್ತುವನ್ನು ಹಂಟರು 1982ರಲ್ಲಿ ಕಂಡುದು ಎಲ್ಲಿ? ಅದೇ ಸೀ-ಅರ್ಚಿನ್ ಅಂಡಗಳಲ್ಲಿ.

ಬೊವೆರಿಯವರು ಹೇಳಿದುದೆಲ್ಲ ಅಕ್ಷರಶಃ ನಿಜವಾಯಿತೆಂದಲ್ಲ. ಇಡೀ ವರ್ಣತಂತು ಕಳೆಯಬೇಕಾಗಿಲ್ಲ. ಅದರೊಳಗಿನ ಒಂದೇ ಜೀನಿನ ಅಲ್ಪ ಬದಲಾವಣೆ ಸಾಕಾಗುವುದುಂಟು, ಮತ್ತು ಸಾಮಾನ್ಯವಾಗಿ ಒಂದಲ್ಲ, ಹಲವು ದೋಷಗಳು ವರ್ಷಗಳ ಕಾಲದಲ್ಲಿ ಒಂದೇ ವಂಶದ ಕೋಶಗಳಲ್ಲಿ ಕೂಡಿಬರಬೇಕು. ವಯಸ್ಸಾದಂತೆ ರೋಗ ಹೆಚ್ಚುವುದು ಅದಕ್ಕಾಗಿಯೇ. ತಂಬಾಕು ಕೂಡ ಈ ದೋಷಗಳನ್ನು ಹುಟ್ಟಿಸಿಯೇ ಕೊಲ್ಲುವುದು. ಗರ್ಭಕೋಶದ ಕೊರಳಿನ ಕ್ಯಾನ್ಸರಿನ ಹಿಂದೆ ಒಂದು ವೈರಸ್ಸಿದೆ, ಯಕೃತ್ತಿನ ಕ್ಯಾನ್ಸರಿನಲ್ಲಿ ಕಾಮಾಲೆಯ ವೈರಸ್ಸುಗಳ ಪಾತ್ರವಿದೆ. ಅವುಗಳಲ್ಲಿ ಕೆಲವಕ್ಕೆ ಲಸಿಕೆಯೂ ಉಂಟು. ಆದರೆ ರೋಗಿಯ ತಟ್ಟೆಯಿಂದ, ಹಾಸಿಗೆಯಿಂದ, ಸ್ಪರ್ಶದಿಂದ ಕ್ಯಾನ್ಸರ್ ಅಂಟುವುದಿಲ್ಲ. ಮನೆತನದಿಂದ ಬರುವುದೂ ನೂರಕ್ಕೆ 5ರಿಂದ 10ರಷ್ಟು ಮಾತ್ರ. ಮದುವೆಯ ಮಾತುಕತೆಗಳಲ್ಲಿ ಹೆಣ್ಣಿನ ತಾಯಿಗೆ ಈ ರೋಗವಿತ್ತೇ ಎಂದು ಗುಟ್ಟಾಗಿ ವಿಚಾರಿಸುವ ಹಿರಿಯರು ಈ ಅಂಕಿಯನ್ನು ಸ್ವಲ್ಪ ನೋಡಿಕೊಳ್ಳಬೇಕೆಂದು ವಿನಂತಿಸುತ್ತೇವೆ.

1914ರ ಆ ಕಿರುಹೊತ್ತಗೆಯನ್ನು ಆಕ್ಸ್‌ಫರ್ಡಿನ ಹೆನ್ರಿ ಹ್ಯಾರಿಸ್ ಎಂಬ ಹಿರಿಯ ವಿಜ್ಞಾನಿಗಳು 2008ರಲ್ಲಿ ಮತ್ತೊಮ್ಮೆ ಇಂಗ್ಲಿಷಿಗೆ ತಂದು, ಬೊವೆರಿಯವರ ಯಾವ ಊಹೆ ಎಲ್ಲಿ ಫಲಿಸಿತೆಂಬುದಕ್ಕೆ ಟಿಪ್ಪಣಿಗಳನ್ನು ಸೇರಿಸಿ ಪ್ರಕಟಿಸಿದ್ದಾರೆ.